ಕಾಣದ ಗಾಯವನ್ನು ನಂಬುವದು

ಧ್ಯಾನಕ್ಕಾಗಿ ವಾಕ್ಯಭಾಗಗಳು: ಮಾರ್ಕ 5:21–43; 1 ಸಮುವೇಲ 1:9–18.



ಯಾಯೀರನೆಂಬ ಸಭಾಮಂದಿರದ ಅಧಿಕಾರಿಯು ನಮ್ಮ ಕರ್ತನ ಪಾದಕ್ಕೆ ಬಿದ್ದು, ಸಾಯುವ ಸ್ಥಿತಿಯಲ್ಲಿದ್ದ ತನ್ನ ಚಿಕ್ಕ ಮಗಳ ಸಲುವಾಗಿ ಬೇಡಿಕೊಂಡ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಅದು ತಡಮಾಡತಕ್ಕ ಕೆಲಸವಾಗಿರಲಿಲ್ಲ. ಹುಡುಗಿಯ ಉಸಿರು ನಿಲ್ಲುವದರೊಳಗೆ ಮನೆಯನ್ನು ಮುಟ್ಟಬೇಕಾಗಿತ್ತು. ಕರ್ತನು ಹೊರಟನು, ಜನರ ಗುಂಪು ನೂಕುತ್ತಾ ಆತನ ಸಂಗಡ ಹೊರಟಿತು. ಈ ಅವಸರದ ನಡುವೆ, ಹನ್ನೆರಡು ವರುಷಗಳಿಂದ ರಕ್ತ ಹೋಗುವ ರೋಗದಿಂದ ಬಳಲುತ್ತಿದ್ದ ಒಬ್ಬ ಹೆಂಗಸು ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟಿದಳು.

ಈ ಭಾಗವನ್ನು ಓದುವಾಗ ಆಕೆಯ ನಂಬಿಕೆಯನ್ನು ನಾವು ಹೊಗಳುತ್ತೇವೆ, ಅದು ಸರಿಯೇ. ಆದರೆ ಮಾರ್ಕನು ಆಕೆಯ ಕುರಿತು ಇನ್ನೊಂದು ಮಾತನ್ನು ಬರೆದಿಟ್ಟಿದ್ದಾನೆ. ಆಕೆಯು ಅನೇಕ ವೈದ್ಯರ ಕೈಯಲ್ಲಿ ಬಹಳ ಕಷ್ಟಪಟ್ಟಿದ್ದಳು, ತನಗಿದ್ದದ್ದನ್ನೆಲ್ಲಾ ವೆಚ್ಚಮಾಡಿದ್ದಳು, ಗುಣವಾಗುವದರ ಬದಲಾಗಿ ರೋಗವು ಹೆಚ್ಚಿತ್ತು. ಸುವಾರ್ತಿಕನು ಈ ಮಾತನ್ನು ಮುಚ್ಚಿಡಲಿಲ್ಲ. ಸಹಾಯಕ್ಕೆಂದು ಹೋದ ಬಾಗಿಲಲ್ಲಿಯೇ ನೋವು ಪಟ್ಟವರ ದುಃಖವು ದೇವರ ಪುಸ್ತಕದಲ್ಲಿ ಬರೆಯಲ್ಪಡುವದಕ್ಕೆ ಯೋಗ್ಯವಾದದ್ದೆಂದು ಇದರಿಂದ ನಮಗೆ ತಿಳಿದುಬರುತ್ತದೆ.

ಕರ್ತನು ಆಗ ಏನು ಮಾಡಿದನು? ನಿಂತನು. ಇಷ್ಟು ಜನರು ನೂಕುತ್ತಿರುವಾಗ ಮುಟ್ಟಿದವರು ಯಾರೆಂದು ಕೇಳುವದು ಶಿಷ್ಯರಿಗೆ ಅರ್ಥವಿಲ್ಲದ ಪ್ರಶ್ನೆಯಾಗಿ ತೋರಿತು. ಆದರೂ ಆತನು ಸುತ್ತಲೂ ನೋಡುತ್ತಾ ಇದ್ದನು. ಆಕೆಯು ನಡುಗುತ್ತಾ ಬಂದು, ನಡೆದದ್ದನ್ನೆಲ್ಲಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಹನ್ನೆರಡು ವರುಷಗಳ ನೋವನ್ನು ಹೇಳುವದಕ್ಕೆ ಎಷ್ಟು ಹೊತ್ತು ಬೇಕಾಗಿರಬಹುದು, ಯೋಚಿಸಿರಿ. ಪಕ್ಕದಲ್ಲಿ ಯಾಯೀರನು ಕ್ಷಣಗಳನ್ನು ಎಣಿಸುತ್ತಾ ನಿಂತಿದ್ದನು. ಹೀಗಿದ್ದರೂ ಕರ್ತನು ಆಕೆಯ ಮಾತನ್ನು ಕಡೆಯ ತನಕ ಕೇಳಿದನು. ಕೇಳಿದ ಮೇಲೆ ಆಕೆಯನ್ನು ಮಗಳೆಂದು ಕರೆದನು. ಅನಂತರ ಯಾಯೀರನ ಮನೆಗೂ ಹೋದನು. ಒಬ್ಬರ ತುರ್ತು ಇನ್ನೊಬ್ಬರ ತುರ್ತನ್ನು ಆತನ ಬಳಿಯಲ್ಲಿ ನುಂಗಿಬಿಡಲಿಲ್ಲ.

ನಮ್ಮ ಕಾಲದಲ್ಲಿ ಇಂಥ ಅವಸರವೂ ನೂಕುನುಗ್ಗಲೂ ಇರುವ ಸ್ಥಳವು ಯಾವದಂದರೆ, ದವಾಖಾನೆಯ ತುರ್ತು ಚಿಕಿತ್ಸೆಯ ಕೋಣೆ. ಅಲ್ಲಿ ಅಪರೂಪದ ರೋಗವಿರುವವನು ಬಂದು ತನ್ನ ರೋಗದ ಹೆಸರನ್ನು ಹೇಳಿದಾಗ, ಅದನ್ನು ನಂಬದೆ ಅವನನ್ನು ಹಿಂದಕ್ಕೆ ಕಳುಹಿಸಿಬಿಡುವ ಸಂಗತಿಯ ವಿಷಯವಾಗಿ ನಾವು ಈ ತಿಂಗಳು ಮಾತಾಡಬೇಕೆಂದಿದ್ದೇವೆ. ಇಂಥ ರೋಗಗಳು ಅನೇಕವಿವೆ. ಅವುಗಳಲ್ಲಿ ಒಂದನ್ನು ಮಾತ್ರ ಉದಾಹರಣೆಗೆ ತೆಗೆದುಕೊಳ್ಳುವೆವು. ಅದು ಹಿಮೋಫಿಲಿಯಾ, ಕನ್ನಡದಲ್ಲಿ ಕುಸುಮರೋಗವೆಂತಲೂ ಅನ್ನುತ್ತಾರೆ.

ಈ ರೋಗವು ಎಂಥದೆಂದು ಬೆಟಗೇರಿಯ ನೇಕಾರರಿಗೆ ತಿಳಿಸುವದು ಸುಲಭ. ನಮ್ಮ ದೇಹಕ್ಕೆ ಗಾಯವಾದಾಗ ರಕ್ತದಲ್ಲಿರುವ ಕೆಲವು ಪದಾರ್ಥಗಳು ಒಂದರ ಹಿಂದೆ ಒಂದು ಎಚ್ಚತ್ತು, ಕಡೆಗೆ ಫೈಬ್ರಿನ್ ಎಂಬ ಅತಿ ಸಣ್ಣ ಎಳೆಗಳ ಬಲೆಯನ್ನು ನೇಯ್ದು ಗಾಯದ ಬಾಯನ್ನು ಮುಚ್ಚುತ್ತವೆ. ವೈದ್ಯರು ಈ ಪದಾರ್ಥಗಳನ್ನು ಫ್ಯಾಕ್ಟರ್ ಎಂದು ಕರೆದು ಅಂಕೆಗಳಿಂದ ಗುರುತಿಸುತ್ತಾರೆ. 8ನೆಯ ಫ್ಯಾಕ್ಟರ್ ಕಡಿಮೆಯಾಗಿದ್ದರೆ ಹಿಮೋಫಿಲಿಯಾ ಎ. 9ನೆಯದು ಕಡಿಮೆಯಾಗಿದ್ದರೆ ಹಿಮೋಫಿಲಿಯಾ ಬಿ. ಹಾಸಿನ ನೂಲು ಹರಿದ ಮಗ್ಗದಲ್ಲಿ ಲಾಳಿಯನ್ನು ಎಷ್ಟು ಓಡಿಸಿದರೂ ಬಟ್ಟೆಯಾಗದು. ಹಾಗೆಯೇ ಈ ಒಂದು ಪದಾರ್ಥ ಇಲ್ಲದಿದ್ದರೆ ಬಲೆಯು ಗಟ್ಟಿಯಾಗಿ ನೇಯಲ್ಪಡುವದಿಲ್ಲ. ಈ ರೋಗವುಳ್ಳವರ ರಕ್ತವು ಇತರರ ರಕ್ತಕ್ಕಿಂತ ಜೋರಾಗಿ ಹರಿಯುವದಿಲ್ಲ. ನಿಲ್ಲಬೇಕಾದಾಗ ನಿಲ್ಲದೆ ಬಹಳ ಹೊತ್ತು ಹರಿಯುತ್ತಾ ಇರುತ್ತದೆ. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹಿಮೋಫಿಲಿಯಾ ಎ ಇರುತ್ತದೆ; ಬಿ ಎಂಬದು ಅದಕ್ಕಿಂತಲೂ ಅಪರೂಪ.

ಇದು ಬಡವರ ರೋಗವೂ ಅಲ್ಲ, ಧನಿಕರ ರೋಗವೂ ಅಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗನಾದ ಲಿಯೋಪೋಲ್ಡನು ಇದೇ ರೋಗವುಳ್ಳವನಾಗಿದ್ದು, 1884ರಲ್ಲಿ ಜಾರಿಬಿದ್ದು ತನ್ನ 30ನೆಯ ವಯಸ್ಸಿನಲ್ಲಿ ತೀರಿಹೋದನು. ರಶಿಯದ ಕಡೆಯ ಚಕ್ರವರ್ತಿಯ ಮಗನಿಗೂ ಇದೇ ರೋಗವಿತ್ತು. ಅದು 9ನೆಯ ಫ್ಯಾಕ್ಟರಿನ ಕೊರತೆಯೆಂದು 2009ರಲ್ಲಿ ಆ ಮನೆತನದವರ ಎಲುಬುಗಳ ಪರೀಕ್ಷೆಯಿಂದ ತಿಳಿದುಬಂತು. ಅವರ ಕಾಲದಲ್ಲಿ ಔಷಧವಿರಲಿಲ್ಲ. ಈಗ ಔಷಧವುಂಟು. ಕಡಿಮೆಯಾದ ಫ್ಯಾಕ್ಟರನ್ನೇ ನರದ ಮೂಲಕ ಕೊಟ್ಟರೆ ರಕ್ತವು ನಿಲ್ಲುತ್ತದೆ. ಆದರೆ ತಡಮಾಡದೆ ಕೊಡಬೇಕು. ಮತ್ತು ಕೊಡಬೇಕಾದವರು ಮೊದಲು ರೋಗಿಯ ಮಾತನ್ನು ನಂಬಬೇಕು. ಕಷ್ಟವಿರುವದು ಇಲ್ಲಿಯೇ.

ಯಾಕಂದರೆ ಈ ರೋಗದ ರಕ್ತವು ಹೆಚ್ಚಾಗಿ ಹೊರಗೆ ಬೀಳುವದಿಲ್ಲ. ಒಳಗೆ, ಮೊಣಕಾಲು ಮೊಣಕೈ ಹಿಮ್ಮಡಿಗಳ ಕೀಲುಗಳಲ್ಲಿಯೂ ಮಾಂಸಖಂಡಗಳಲ್ಲಿಯೂ ತುಂಬುತ್ತದೆ. ಮುಂಡರಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯಿಂದ ರಾತ್ರಿಯಲ್ಲಿ ಹುಡುಗನೊಬ್ಬನನ್ನು ತಂದರೆಂದು ಎಣಿಸೋಣ. ಅವನು ಬಿದ್ದಿಲ್ಲ, ಪೆಟ್ಟು ತಿಂದಿಲ್ಲ. ಮೊಣಕಾಲು ಬಿಸಿಯಾಗಿ ಬಿಗಿದಿದೆ. ಉಳುಕಿರಬೇಕೆಂದು ನೋವಿನ ಇಂಜೆಕ್ಷನನ್ನು ಮಾಂಸಕ್ಕೆ ಚುಚ್ಚಿ ಕಳುಹಿಸಿಬಿಟ್ಟರೆ, ಚುಚ್ಚಿದ ಕಡೆಯಲ್ಲಿಯೂ ರಕ್ತವು ತುಂಬುತ್ತದೆ. ಲಕ್ಷ್ಮೇಶ್ವರದ ರಸ್ತೆಯಲ್ಲಿ ಮೋಟರ್ ಸೈಕಲಿನಿಂದ ಬಿದ್ದ ಯೌವನಸ್ಥನೊಬ್ಬನನ್ನು ಎಣಿಸೋಣ. ತಲೆಗೆ ಪೆಟ್ಟಾಗಿದೆ, ಆದರೆ ಗಾಯವಿಲ್ಲ, ಮಾತಾಡುತ್ತಿದ್ದಾನೆ, ನಡೆಯುತ್ತಿದ್ದಾನೆ. ಮನೆಗೆ ಹೋಗಿ ಮಲಗು ಅನ್ನುತ್ತಾರೆ. ಅವನ ತಲೆಬುರುಡೆಯೊಳಗೆ ರಕ್ತವು ತಾಸಿನಿಂದ ತಾಸಿಗೆ ಹೆಚ್ಚುತ್ತಿರಬಹುದು. ಶಿರಹಟ್ಟಿಯಿಂದ ಬಂದ ಮತ್ತೊಬ್ಬನಿಗೆ ಹೊಟ್ಟೆಯ ಕೆಳಗೆ ಬಲಗಡೆಯಲ್ಲಿ ನೋವು, ತೊಡೆಯನ್ನು ನೀಡಲಾರನು. ಅಪೆಂಡಿಕ್ಸ್ ಎಂದು ತೋರುತ್ತದೆ. ಆದರೆ ಸೊಂಟದ ಒಳಗಿನ ಮಾಂಸಖಂಡದಲ್ಲಿ ರಕ್ತ ತುಂಬಿದರೂ ಇದೇ ಲಕ್ಷಣಗಳು ಕಾಣುತ್ತವೆ. ಫ್ಯಾಕ್ಟರ್ ಕೊಡದೆ ಕತ್ತರಿಸಿದರೆ ಅವನ ಪ್ರಾಣಕ್ಕೇ ಅಪಾಯ.

ಈ ಮೂವರ ಮನೆಯವರೂ ಬಾಗಿಲಲ್ಲಿ ರೋಗದ ಹೆಸರನ್ನು ಹೇಳಿರುತ್ತಾರೆ. ಅವರಿಗೆ ಸಿಕ್ಕುವ ಉತ್ತರಗಳು ಎಂಥವೆಂದು ಇಂಥ ಮನೆಗಳವರ ಬಾಯಿಂದಲೇ ಕೇಳಬೇಕು. “ರಕ್ತವೇ ಕಾಣುವದಿಲ್ಲವಲ್ಲಾ!” “ಇಷ್ಟಕ್ಕೆ ರಾತ್ರಿ ಯಾಕೆ ಬಂದಿರಿ? ಬೆಳಿಗ್ಗೆ ಬನ್ನಿರಿ.” “ಎಲ್ಲಾ ನಿಮಗೇ ಗೊತ್ತಿದ್ದರೆ ನಾವು ಯಾತಕ್ಕೆ?” ಧೋತರದ ಅಂಚಿನಿಂದ ಕಣ್ಣು ಒರಸಿಕೊಂಡು ಅವರು ಹಿಂದಿರುಗುತ್ತಾರೆ. ಇದರಿಂದಾಗುವ ನಷ್ಟವು ಎರಡು ತರದ್ದು. ಒಂದೇ ಕೀಲಿನಲ್ಲಿ ಪುನಃ ಪುನಃ ರಕ್ತವು ತುಂಬಿದರೆ ಎಲುಬಿನ ತುದಿಗಳು ಸವೆದು, ಹುಡುಗನು ಪ್ರಾಯಕ್ಕೆ ಬರುವದರೊಳಗೆ ಕುಂಟನಾಗುತ್ತಾನೆ. ಇದು ದೇಹದ ನಷ್ಟ. ಒಮ್ಮೆ ನಾಚಿಕೆಪಟ್ಟು ಹಿಂದಿರುಗಿದವನು ಎರಡನೆಯ ಸಾರಿ ಆ ಬಾಗಿಲಿಗೆ ಹೋಗುವದೇ ಇಲ್ಲ. ಇದು ಮನಸ್ಸಿನ ನಷ್ಟ. ಈ ಎರಡನೆಯದರಿಂದಲೇ ಹೆಚ್ಚು ಪ್ರಾಣಗಳು ಅಪಾಯಕ್ಕೆ ಬೀಳುತ್ತವೆ. ಯಾಕಂದರೆ ಅವನು ಎಲುಬು ಕಟ್ಟುವವನ ಬಳಿಗೆ ಹೋಗಿ ಬಾತ ಕೀಲನ್ನು ತಿಕ್ಕಿಸಿಕೊಳ್ಳುತ್ತಾನೆ, ಇಲ್ಲವೆ ತಾಯತ ಕಟ್ಟಿಸಿಕೊಂಡು ಮನೆಯಲ್ಲಿಯೇ ಬಿದ್ದಿರುತ್ತಾನೆ.

ಹಾಗಾದರೆ ದವಾಖಾನೆಯವರೆಲ್ಲರೂ ಕಠಿಣಹೃದಯದವರೋ? ಹಾಗೆ ಹೇಳಬಾರದು. ಇದನ್ನು ಸರಿಯಾಗಿ ತಿಳಿಯುವದಕ್ಕೆ ನಾವು ಶೀಲೋವಿಗೆ ಹೋಗೋಣ. ಅಲ್ಲಿ ಹನ್ನಳು ದೇವರ ಮಂದಿರದಲ್ಲಿ ಮನೋವ್ಯಥೆಯಿಂದ ಪ್ರಾರ್ಥಿಸುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು, ಶಬ್ದವು ಕೇಳಿಸಲಿಲ್ಲ. ಬಾಗಿಲ ಬಳಿಯಲ್ಲಿ ಕೂತಿದ್ದ ಯಾಜಕನಾದ ಏಲಿಯು ಆಕೆಯು ಕುಡಿದಿದ್ದಾಳೆಂದು ನೆನಸಿ ಗದರಿಸಿದನು. ಏಲಿಯು ದುಷ್ಟನಾಗಿರಲಿಲ್ಲ. ಅದು ಹಬ್ಬದ ಕಾಲ. ಜನರು ತಿಂದು ಕುಡಿಯುತ್ತಿದ್ದ ಸಮಯ. ಅವನು ಕುಡಿದವರನ್ನು ಅನೇಕ ಸಾರಿ ನೋಡಿದ್ದಿರಬೇಕು. ಹೀಗೆ ಪ್ರಾರ್ಥಿಸುವವಳನ್ನು ನೋಡಿದ್ದು ಅಪರೂಪ. ಆದದರಿಂದ ದಿನಾಲು ಕಂಡದ್ದನ್ನೇ ಇಲ್ಲಿಯೂ ಕಂಡನು. ಪವಿತ್ರ ಕೆಲಸಕ್ಕೆ ನೇಮಿಸಲ್ಪಟ್ಟವನೂ ತೋರಿಕೆಯನ್ನು ನೋಡಿ ಹೀಗೆ ತಪ್ಪಿದನು.

ರಾತ್ರಿಯ ಕೆಲಸದಲ್ಲಿರುವ ವೈದ್ಯರ ಸ್ಥಿತಿಯೂ ಹೀಗೆಯೇ. ಉಳುಕಿದ ಕಾಲುಗಳನ್ನು ಅವರು ನೂರಾರು ನೋಡಿರುತ್ತಾರೆ; ಹಿಮೋಫಿಲಿಯಾ ಇರುವ ಒಬ್ಬನನ್ನೂ ನೋಡಿರಲಿಕ್ಕಿಲ್ಲ. ಒಂದು ಕಡೆಯಲ್ಲಿ ಹಾವು ಕಡಿದವರು, ಮತ್ತೊಂದು ಕಡೆಯಲ್ಲಿ ಹೆರಿಗೆಯ ಬೇನೆಯವರು, ಬಾಗಿಲಲ್ಲಿ ಅಪಘಾತದವರು. ಯಾರ ಪ್ರಾಣಕ್ಕೆ ಮೊದಲು ಅಪಾಯವೋ ಅವರನ್ನು ಮೊದಲು ನೋಡುವದು ಒಳ್ಳೇ ನೇಮವೇ. ಆದರೆ ಆ ನೇಮವು ಕಣ್ಣಿಗೆ ಕಾಣುವ ಗುರುತುಗಳ ಮೇಲೆ ನಿಂತಿದೆ. ಕಾಣದ ಗಾಯಕ್ಕೆ ರೋಗಿಯ ಬಾಯಿ, ಅವನ ತಾಯಿಯ ಬಾಯಿ, ಇವೇ ಸಾಕ್ಷಿಗಳು. ಆ ಸಾಕ್ಷಿಯನ್ನು ತಳ್ಳಿಬಿಟ್ಟರೆ ಜ್ಞಾನವಂತನಾದ ವೈದ್ಯನೂ ಕುರುಡನಾಗುತ್ತಾನೆ.

ಈಗ ಹನ್ನಳು ಮಾಡಿದ್ದನ್ನು ನೋಡಿರಿ. ಆಕೆಯು ಅಳುತ್ತಾ ಹೊರಟುಹೋಗಲಿಲ್ಲ. ಏಲಿಯನ್ನು ಬೈಯಲೂ ಇಲ್ಲ. ಅವನಿಗೆ ಸಲ್ಲತಕ್ಕ ಮರ್ಯಾದೆಯನ್ನು ಕೊಟ್ಟು, ತಾನು ಕುಡಿದವಳಲ್ಲವೆಂತಲೂ ದುಃಖದಲ್ಲಿದ್ದವಳೆಂತಲೂ ಸ್ಪಷ್ಟವಾಗಿ ಹೇಳಿದಳು. ಏಲಿಯಾದರೋ ತನ್ನ ಮಾತೇ ಗೆಲ್ಲಬೇಕೆಂದು ಹಟ ಹಿಡಿಯಲಿಲ್ಲ. ಗದರಿಸಿದ ಬಾಯಿಂದಲೇ ಆಶೀರ್ವದಿಸಿದನು. ಆಕೆಯ ಮುಖದ ದುಃಖವು ಹೋಯಿತೆಂದು ಬರೆದದೆ. ಮಗನು ಹುಟ್ಟುವ ಮೊದಲೇ ಹೋಯಿತು ಎಂಬದನ್ನು ಗಮನಿಸಿರಿ. ಬೇಡಿದ್ದು ಇನ್ನೂ ಕೈಗೆ ಬಂದಿರಲಿಲ್ಲ. ಆದರೆ ತನ್ನ ಮಾತು ನಂಬಲ್ಪಟ್ಟಿತೆಂಬ ಸಮಾಧಾನವು ಬಂದಿತ್ತು.

ನಂಬುವದರಿಂದ ಪ್ರಾಣವು ಉಳಿಯುತ್ತದೆಂಬದಕ್ಕೆ ಯೆಹೂದ್ಯರ ತಾಲ್ಮೂದ್ ಎಂಬ ಶಾಸ್ತ್ರಸಂಗ್ರಹದಲ್ಲಿಯೂ ಒಂದು ದೃಷ್ಟಾಂತವುಂಟು. ನಜರೇತಿಗೆ ಹತ್ತಿರವಾದ ಸೆಪ್ಫೋರಿಸ್ ಪಟ್ಟಣದಲ್ಲಿ ನಾಲ್ವರು ಅಕ್ಕತಂಗಿಯರಿದ್ದರು. ಮೊದಲಿನ ಮೂವರ ಗಂಡುಕೂಸುಗಳು ಸುನ್ನತಿಯಾದ ಮೇಲೆ ಸತ್ತವು. ನಾಲ್ಕನೆಯವಳು ತನ್ನ ಕೂಸನ್ನು ಎತ್ತಿಕೊಂಡು ಧರ್ಮಗುರುವಿನ ಬಳಿಗೆ ಹೋದಾಗ, ಸುನ್ನತಿ ಮಾಡಿಸಬೇಡವೆಂದು ಅವನು ಹೇಳಿದನು. ಸುನ್ನತಿಯು ಅವರಿಗೆ ಅಬ್ರಹಾಮನ ಕಾಲದಿಂದ ಬಂದ ಆಜ್ಞೆ. ಅದಕ್ಕಿಂತ ದೊಡ್ಡ ನೇಮವು ಅವರಲ್ಲಿ ಕೆಲವೇ. ಆ ಗುರುವಿಗೆ ಫ್ಯಾಕ್ಟರ್ ಗೊತ್ತಿರಲಿಲ್ಲ, ರೋಗದ ಹೆಸರೂ ಗೊತ್ತಿರಲಿಲ್ಲ. ಆದರೆ ಒಂದು ಮನೆತನದ ತಾಯಂದಿರ ದುಃಖವನ್ನು ಅವನು ಸಾಕ್ಷಿಯಾಗಿ ಸ್ವೀಕರಿಸಿದನು. ಸುಮಾರು 1,800 ವರುಷಗಳ ಹಿಂದೆಯೇ ಧರ್ಮಗುರುವೊಬ್ಬನು ತಾಯಿಯ ಮಾತಿಗೆ ಇಷ್ಟು ಬೆಲೆ ಕೊಟ್ಟಿದ್ದರೆ, ಎಲ್ಲಾ ಪರೀಕ್ಷೆಗಳೂ ಔಷಧಗಳೂ ಇರುವ ಈ ಕಾಲದಲ್ಲಿ ಅದಕ್ಕೆ ಎಷ್ಟೋ ಹೆಚ್ಚಾಗಿ ಬೆಲೆ ಇರಬೇಕಲ್ಲವೇ?

ನಮ್ಮ ನಾಡಿನಲ್ಲಿಯೇ, ತುಂಗಭದ್ರೆಯಾಚೆ ದಾವಣಗೆರೆಯಲ್ಲಿ, ಈ ವಿಷಯದಲ್ಲಿ ಒಬ್ಬರು ಮಾಡಿದ ಕೆಲಸವನ್ನು ನೀವು ತಿಳಿಯತಕ್ಕದ್ದು. ಡಾಕ್ಟರ್ ಸುರೇಶ ಹನಗವಾಡಿಯವರು ತಾವೇ ಹಿಮೋಫಿಲಿಯಾ ಉಳ್ಳವರು. ಅವರು ಈ ರೋಗದೊಡನೆಯೇ ಓದಿ ವೈದ್ಯರಾಗಿ, ಅಲ್ಲಿಯ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರ ಮುಂದಾಳುತನದಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯು ದಾವಣಗೆರೆಯಲ್ಲಿ ಈ ರೋಗಿಗಳಿಗಾಗಿಯೇ ಚಿಕಿತ್ಸಾಕೇಂದ್ರವನ್ನು ನಡಿಸುತ್ತಾ ಬಂದಿದೆ. ರೋಗಿಗೆ ಏನು ತಿಳಿದೀತು ಅನ್ನುವವರಿಗೆ ಇದಕ್ಕಿಂತ ಒಳ್ಳೇ ಉತ್ತರವಿಲ್ಲ. ಕೀಲಿನಲ್ಲಿ ರಕ್ತ ಇಳಿಯುವಾಗ ಬಾವು ಕಾಣುವದಕ್ಕೆ ಮೊದಲೇ ಒಂದು ತರದ ಜುಮುಗುಟ್ಟುವಿಕೆಯಾಗುತ್ತದೆಂದು ಈ ರೋಗಿಗಳು ಬಲ್ಲರು. ಯಾವ ಯಂತ್ರಕ್ಕಿಂತಲೂ ಮೊದಲು ಅದು ಅವರಿಗೇ ತಿಳಿಯುತ್ತದೆ. ಆದದರಿಂದಲೇ ತಿಳಿದ ವೈದ್ಯರು, ತಲೆಗೆ ಪೆಟ್ಟಾದರೆ ಅಥವಾ ಒಳಗೆ ರಕ್ತ ಹರಿಯುವ ಸಂದೇಹವಿದ್ದರೆ, ಮೊದಲು ಫ್ಯಾಕ್ಟರ್ ಕೊಡಬೇಕು, ಸ್ಕ್ಯಾನ್ ಮುಂತಾದ ಪರೀಕ್ಷೆಗಳು ಅನಂತರ, ಎಂದು ಕಲಿಸುತ್ತಾರೆ.

ದೇಶದ ನ್ಯಾಯವೂ ಬಾಗಿಲಿಗೆ ಬಂದವನ ಪಕ್ಷದಲ್ಲಿಯೇ ಇದೆ. ಗಾಯಪಟ್ಟವನ ಪ್ರಾಣವನ್ನು ಕಾಪಾಡುವದು, ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸುಪ್ರೀಮ್ ಕೋರ್ಟು 1989ರಲ್ಲಿ ಪರಮಾನಂದ ಕಟಾರಾ ಎಂಬವರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 1992ರಲ್ಲಿ ಬಂಗಾಳದ ಒಬ್ಬ ಹೊಲದ ಕೂಲಿಕಾರನು ರೈಲುಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದಾಗ, ಒಂದರ ಹಿಂದೆ ಒಂದು ಸರಕಾರಿ ದವಾಖಾನೆಗಳು ಅವನನ್ನು ಸೇರಿಸಿಕೊಳ್ಳದೆ ಕಳುಹಿಸಿಬಿಟ್ಟವು. ಆ ಪ್ರಕರಣದಲ್ಲಿ ಅದೇ ನ್ಯಾಯಾಲಯವು 1996ರಲ್ಲಿ, ತುರ್ತು ಚಿಕಿತ್ಸೆಯನ್ನು ಕೊಡದಿರುವದು ಸಂವಿಧಾನದ 21ನೆಯ ಅನುಚ್ಛೇದದಲ್ಲಿರುವ ಜೀವದ ಹಕ್ಕಿಗೆ ಭಂಗವೆಂದು ಹೇಳಿ, ಅವನಿಗೆ 25,000 ರೂಪಾಯಿ ಪರಿಹಾರವನ್ನು ಕೊಡಿಸಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯು 2007ರದು. 2017ರ ತಿದ್ದುಪಡಿಯ ಪ್ರಕಾರ ತುರ್ತು ಸಮಯದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ತಡೆಯಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿದ 21 ವಿಧಗಳಲ್ಲಿ ಹಿಮೋಫಿಲಿಯಾವೂ ಒಂದು. ಆದದರಿಂದ ಬಾಗಿಲಲ್ಲಿ ನಿಂತವನು ಭಿಕ್ಷೆಯನ್ನು ಕೇಳುವವನಲ್ಲ. ತನಗೆ ಸಲ್ಲತಕ್ಕದ್ದನ್ನು ಕೇಳುವವನು.

ಇನ್ನು ನಮ್ಮ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಹುಟ್ಟುಗುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವರು ಇವನೋ, ಇವನ ತಂದೆತಾಯಿಗಳೋ ಎಂದು ಕೇಳಿದರು. ಕರ್ತನು ಎರಡನ್ನೂ ಅಲ್ಲಗಳೆದನು. ಇದು ಯೋಹಾನನ 9ನೆಯ ಅಧ್ಯಾಯದಲ್ಲಿದೆ. ಆ ಶಿಷ್ಯರ ಪ್ರಶ್ನೆಯು ನಮ್ಮ ಓಣಿಗಳಲ್ಲಿ ಇನ್ನೂ ಸತ್ತಿಲ್ಲ. ಹಿಮೋಫಿಲಿಯಾವು ಹೆಚ್ಚಾಗಿ ತಾಯಿಯ ಮೂಲಕ ಮಗನಿಗೆ ಬರುತ್ತದಾದದರಿಂದ, ಅತ್ತೆಯ ಮನೆಯವರು ಸೊಸೆಯನ್ನು ದೂರುವದುಂಟು. ಆಕೆಯ ತಪ್ಪು ಏನು? ತನ್ನ ಕಣ್ಣಿನ ಬಣ್ಣವನ್ನು ಆರಿಸಿಕೊಳ್ಳದ ಹಾಗೆಯೇ ಇದನ್ನೂ ಆಕೆಯು ಆರಿಸಿಕೊಳ್ಳಲಿಲ್ಲ. ಅದೂ ಅಲ್ಲದೆ, ಸುಮಾರು ಮೂರರಲ್ಲಿ ಒಂದು ಪಾಲು ಈ ರೋಗಿಗಳ ಮನೆತನದಲ್ಲಿ ಹಿಂದೆ ಯಾರಿಗೂ ಈ ರೋಗವಿದ್ದ ಗುರುತಿಲ್ಲ. ಅವರಲ್ಲಿ ಅದು ಹೊಸದಾಗಿಯೇ ಹುಟ್ಟುತ್ತದೆ. ನಿಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲಾ ಎಂದು ಹೇಳಿ ರೋಗವನ್ನು ಅಲ್ಲಗಳೆಯುವದು ಸರಿಯಲ್ಲ.

ಹೆಂಗಸರ ವಿಷಯದಲ್ಲಿಯೂ ಒಂದು ಮಾತು. ಈ ರೋಗವನ್ನು ಮಗನಿಗೆ ದಾಟಿಸುವ ತಾಯಂದಿರಲ್ಲಿ ಕೆಲವರಿಗೆ ತಮಗೂ ಹೆರಿಗೆಯಲ್ಲಿ, ಮುಟ್ಟಿನಲ್ಲಿ, ಹಲ್ಲು ಕಿತ್ತಾಗ ರಕ್ತವು ಮಿತಿಮೀರಿ ಹೋಗುವದುಂಟು. ವಾನ್ ವಿಲ್ಲಿಬ್ರಾಂಡ್ ಎಂಬ ಇನ್ನೊಂದು ರಕ್ತದ ರೋಗವು ಗಂಡಸರಿಗೂ ಹೆಂಗಸರಿಗೂ ಬರುತ್ತದೆ. ಹೆಂಗಸರಿಗೆ ಇದೆಲ್ಲಾ ಇದ್ದದ್ದೇ ಎಂದು ಮನೆಯವರೂ ದವಾಖಾನೆಯವರೂ ಹೇಳಿಬಿಟ್ಟರೆ, ಆಕೆಯು ಹನ್ನೆರಡು ವರುಷ ಬಾಯಿ ಮುಚ್ಚಿಕೊಂಡಿರುತ್ತಾಳೆ. ಸುವಾರ್ತೆಯಲ್ಲಿಯ ಹೆಂಗಸು ಹಿಂದಿನಿಂದ ಬಂದು ಗುಟ್ಟಾಗಿ ಮುಟ್ಟಿದ್ದು ಯಾತಕ್ಕೆಂದು ನಮ್ಮ ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಅಪರೂಪದ ರೋಗವು ಬಡವರಲ್ಲಿ ಕಾಣಿಸಿದಾಗ ಸತ್ಯವನ್ನು ತಿಳಿಯುವದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬದಕ್ಕೆ ಸಾಗರ ತಾಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಆ ಸೀಮೆಯ ದಲಿತ ಕುಟುಂಬಗಳವರ ಸೊಂಟ ಮೊಣಕಾಲುಗಳ ಕೀಲುಗಳು ಕೆಟ್ಟು, ಅವರು ನಡೆಯಲಾರದೆ ಹೋಗುತ್ತಿದ್ದದ್ದು ಹೊರಗಿನವರ ಲಕ್ಷ್ಯಕ್ಕೆ ಬಂತು. ಔಷಧ ಸಿಂಪಡಿಸಿದ ಗದ್ದೆಯ ಏಡಿಗಳನ್ನು ತಿಂದದ್ದರಿಂದ ಹೀಗಾಯಿತೆಂಬ ಮಾತು ಹಬ್ಬಿತು. ಶಾಸ್ತ್ರಜ್ಞರು ಬಂದು ಮನೆತನಗಳನ್ನು ವಿಚಾರಿಸಿ, ಅದು ವಂಶದಲ್ಲಿ ಇಳಿದುಬರುವ ಎಲುಬಿನ ರೋಗವೆಂದು ಕಂಡುಕೊಂಡರು. ಬಡವನ ರೋಗಕ್ಕೆ ಬಡವನ ಊಟವನ್ನೇ ದೂರುವದು ಸುಲಭ; ಅವನ ಮನೆಯ ಕಥೆಯನ್ನು ಕೂತು ಕೇಳುವದು ಕಷ್ಟ. ಆದರೆ ರೋಗದ ಬೇರು ಸಿಕ್ಕಿದ್ದು ಹಾಗೆ ಕೇಳಿದ್ದರಿಂದಲೇ.

ಹೀಗಿರಲಾಗಿ ನಾವು ಮಾಡತಕ್ಕದ್ದೇನು?

ಮೊದಲನೆಯದಾಗಿ, ರೋಗವಿರುವ ಮನೆಯವರು ಹನ್ನಳ ಹಾಗೆ ಸ್ಪಷ್ಟವಾಗಿ ಹೇಳುವದಕ್ಕೆ ಸಿದ್ಧರಾಗಿರಬೇಕು. ನಡುಗುವ ನಾಲಿಗೆಗೆ ಕಾಗದವು ಸಹಾಯ. ರೋಗದ ಹೆಸರು, ಎ ಅಥವಾ ಬಿ ಎಂಬದು, ಫ್ಯಾಕ್ಟರ್ ನೂರಕ್ಕೆ ಎಷ್ಟು ಇದೆ ಎಂಬದು, ಫ್ಯಾಕ್ಟರಿಗೆ ವಿರೋಧವು ಹುಟ್ಟಿದೆಯೋ ಇಲ್ಲವೋ ಎಂಬದು, ರೋಗಿಯ ತೂಕ, ರಕ್ತದ ಗುಂಪು, ಕಡೆಯ ಸಾರಿ ಔಷಧ ಕೊಟ್ಟ ದಿನ, ನೋಡುವ ವೈದ್ಯರ ಫೋನ್ ನಂಬರು, ಇವನ್ನು ವೈದ್ಯರಿಂದಲೇ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಆಧಾರ್ ಕಾರ್ಡಿನ ಸಂಗಡ ಇಡಿರಿ. ಆಸ್ಪಿರಿನ್ ಕೊಡಬಾರದು, ಮಾಂಸಕ್ಕೆ ಇಂಜೆಕ್ಷನ್ ಚುಚ್ಚಬಾರದು ಎಂಬದನ್ನು ದಪ್ಪಕ್ಷರದಲ್ಲಿ ಬರೆಯಿಸಿರಿ. ಬಾತ ಕೀಲನ್ನು ತಿಕ್ಕಬೇಡಿರಿ. ಮೇಲಕ್ಕೆ ಎತ್ತಿ ಇಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡುತ್ತಾ ದವಾಖಾನೆಗೆ ಹೊರಡಿರಿ.

ಎರಡನೆಯದಾಗಿ, ದಾರಿಯನ್ನು ಮುಂಚಿತವಾಗಿ ತಿಳಿದುಕೊಂಡಿರಬೇಕು. ಕರ್ನಾಟಕದಲ್ಲಿ ಫ್ಯಾಕ್ಟರ್ ಔಷಧವು ಸರಕಾರಿ ಜಿಲ್ಲಾ ದವಾಖಾನೆಗಳ ಮೂಲಕ ಹಣವಿಲ್ಲದೆ ಕೊಡಲ್ಪಡುತ್ತದೆ. ಗದಗಿನ ದೊಡ್ಡ ದವಾಖಾನೆಯಲ್ಲಿ, ಹುಬ್ಬಳ್ಳಿಯ ಕಿಮ್ಸಿನಲ್ಲಿ ಔಷಧವು ಎಲ್ಲಿ, ಯಾರ ವಶದಲ್ಲಿ, ಎಷ್ಟು ಇದೆ ಎಂಬದನ್ನು ಆರೋಗ್ಯದ ದಿನಗಳಲ್ಲಿಯೇ ವಿಚಾರಿಸಿರಿ. 108ಕ್ಕೆ ಫೋನ್ ಮಾಡುವಾಗಲೇ ರೋಗದ ಹೆಸರನ್ನು ಹೇಳಿರಿ. ಒಂದು ಬಾಗಿಲಲ್ಲಿ ಕೇಳದಿದ್ದರೆ ಹಿರಿಯ ವೈದ್ಯರನ್ನು ಕರೆಯಿಸಬೇಕೆಂದು ಮರ್ಯಾದೆಯಿಂದ ಕೇಳಿರಿ. ಕಳುಹಿಸಿಬಿಟ್ಟರೆ ಆ ಕಾರಣವನ್ನು ಬರೆದುಕೊಡಬೇಕೆಂದು ಕೇಳಿರಿ. ಅದಕ್ಕೂ ಒಪ್ಪದಿದ್ದರೆ ಮನೆಗೆ ತಿರುಗದೆ ಮುಂದಿನ ಬಾಗಿಲಿಗೆ ಹೋಗಿರಿ. ದೇವರ ಚಿತ್ತವಿಲ್ಲವೆಂದು ಹೇಳಿ ಹಿಂದಿರುಗಬೇಡಿರಿ. ಮುಚ್ಚಿದ ಬಾಗಿಲು ಮನುಷ್ಯನದು. ಅದನ್ನು ದೇವರ ಮೇಲೆ ಹೊರಿಸಬಾರದು. ಪ್ರಾರ್ಥಿಸಿರಿ, ಪ್ರಾರ್ಥಿಸುತ್ತಾ ಹೋಗಿರಿ. ಆ ಹೆಂಗಸಿನ ನಂಬಿಕೆಯು ಮನೆಯಲ್ಲಿ ಕೂತಿರಲಿಲ್ಲ, ಗುಂಪನ್ನು ತೂರಿಕೊಂಡು ಹೋಯಿತು.

ಮೂರನೆಯದಾಗಿ, ಸಭೆಯವರು ಅವರನ್ನು ಒಂಟಿಯಾಗಿ ಕಳುಹಿಸಬಾರದು. ರಾತ್ರಿ ಯಾವ ಹೊತ್ತಿನಲ್ಲಿ ಕರೆದರೂ ಸಂಗಡ ಹೋಗುವ ಇಬ್ಬರನ್ನು ಪ್ರತಿಯೊಂದು ಸಭೆಯು ನೇಮಿಸಿಕೊಳ್ಳಲಿ. ಅವರು ಜಗಳಕ್ಕೆ ಹೋಗತಕ್ಕವರಲ್ಲ, ಸಾಕ್ಷಿಗೆ ಹೋಗತಕ್ಕವರು. ಈ ಹುಡುಗನನ್ನು ನಾವು ಬಲ್ಲೆವು, ಇವನಿಗೆ ಈ ರೋಗವಿರುವದು ನಿಜ, ಎಂದು ಇಬ್ಬರು ನೆರೆಯವರು ನಿಂತು ಹೇಳಿದರೆ, ಅಳುವ ತಾಯಿಯೊಬ್ಬಳ ಮಾತಿಗೆ ಬಲ ಬರುತ್ತದೆ. ಗಾಡಿಯ ಖರ್ಚಿಗೆಂದು ಸಭೆಯ ಪೆಟ್ಟಿಗೆಯಲ್ಲಿ ಸ್ವಲ್ಪ ಹಣವನ್ನು ಬೇರೆಯಾಗಿ ಇಡಿರಿ. ಬೇರೆ ಜಾತಿಮತದ ಮನೆಯವರು ಕರೆದರೂ ಹೋಗಿರಿ.

ನಾಲ್ಕನೆಯ ಮಾತು, ನಮ್ಮ ಸಭೆಗಳಿಂದ ಹೋಗಿ ದವಾಖಾನೆಗಳಲ್ಲಿ ಕೆಲಸಮಾಡುವ ನಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ. ಬೆಟಗೇರಿಯಲ್ಲಿ ಮಿಶನಿನವರು ಕಟ್ಟಿದ ದವಾಖಾನೆಯನ್ನು ಹಿರಿಯರು ಜರ್ಮನ್ ದವಾಖಾನೆಯೆಂದೇ ಕರೆಯುತ್ತಾ ಬಂದರು. ಅಲ್ಲಿಂದ ಮೊದಲುಗೊಂಡು ನಮ್ಮವರಲ್ಲಿ ಅನೇಕರು ರೋಗಿಗಳ ಸೇವೆಯನ್ನೇ ತಮ್ಮ ಜೀವನವಾಗಿ ಮಾಡಿಕೊಂಡಿದ್ದಾರೆ. ಪ್ರಿಯ ಮಕ್ಕಳೇ, ನಿಮ್ಮ ದಣಿವನ್ನು ನಾವು ಬಲ್ಲೆವು. ನಿಮಗೆ ದೊರೆಯುವ ಸಂಬಳವೂ ನಿದ್ರೆಯೂ ಕೊಂಚವೇ. ಆದರೂ ನೀವು ಹೆಸರು ಕೇಳದ ರೋಗವನ್ನು ಒಬ್ಬನು ಹೇಳಿದರೆ, ಅದನ್ನು ಕೇಳಿಲ್ಲವೆಂದು ಹೇಳುವದಕ್ಕೆ ನಾಚಬೇಡಿರಿ. ಅದು ಇಲ್ಲವೆಂದು ಮಾತ್ರ ಹೇಳಬೇಡಿರಿ. ಅವನ ಕಾಗದವನ್ನು ಓದಿರಿ. ಅದರಲ್ಲಿರುವ ನಂಬರಿಗೆ ಫೋನ್ ಮಾಡಿರಿ. ದೊಡ್ಡವರು ಅಲಕ್ಷ್ಯಮಾಡಿದರೆ, ಇನ್ನೊಂದು ಸಾರಿ ನೋಡೋಣವೇ ಸಾಹೇಬರೇ ಎಂದು ಮೆಲ್ಲಗೆ ಕೇಳಿರಿ. ಸೇನಾಪತಿಯಾದ ನಾಮಾನನು ಸೌಖ್ಯವಾಗುವದಕ್ಕೆ ಸೆರೆಯಾಗಿ ಬಂದ ಒಬ್ಬ ಚಿಕ್ಕ ಹುಡುಗಿಯ ಮಾತು ಕಾರಣವಾಯಿತಲ್ಲವೇ? ಬಾಗಿಲಲ್ಲಿ ನಿಂತ ಒಬ್ಬ ನರ್ಸಮ್ಮನ ಮಾತಿನಿಂದ ಒಂದು ಪ್ರಾಣವು ಉಳಿಯಬಹುದು.

ಪ್ರಿಯರೇ, ನಾವೆಲ್ಲರೂ ಒಂದಲ್ಲ ಒಂದು ಬಾಗಿಲಲ್ಲಿ ಏಲಿಯ ಹಾಗೆ ಕೂತಿದ್ದೇವೆ. ತಾಯಿಯು ಮಗುವಿನ ನೋವನ್ನು, ಗುರುವು ಶಿಷ್ಯನ ನೋವನ್ನು, ಗಂಡನು ಹೆಂಡತಿಯ ನೋವನ್ನು ಕೇಳುವ ಸ್ಥಾನದಲ್ಲಿದ್ದಾರೆ. ಕಣ್ಣಿಗೆ ಕಾಣಲಿಲ್ಲವೆಂದು ಸೋಗು ಅಂದುಬಿಡುವದು ಎಷ್ಟು ಸುಲಭ! ನಮ್ಮ ಕರ್ತನಾದರೋ ಸಾಯುವ ಮಗುವಿನ ಮನೆಗೆ ಓಡುವ ದಾರಿಯಲ್ಲಿಯೂ ನಿಂತು, ಹೆಸರಿಲ್ಲದ ಒಬ್ಬಳ ಕಥೆಯನ್ನು ಕೊನೆಯ ತನಕ ಕೇಳಿದನು. ಆತನ ಶಿಷ್ಯರೆಂದು ಕರೆಯಲ್ಪಡುವ ನಾವೂ ನಿಂತು ಕೇಳುವದನ್ನು ಕಲಿಯೋಣ.

ಬಾಗಿಲಲ್ಲಿ ಕಾಯುವ ರೋಗಿಗಳಿಗೆ ಧೈರ್ಯವನ್ನೂ, ಬಾಗಿಲನ್ನು ತೆರೆಯುವವರಿಗೆ ತಾಳ್ಮೆಯನ್ನೂ, ಸಂಗಡ ಹೋಗುವವರಿಗೆ ಪ್ರೀತಿಯನ್ನೂ ಕರುಣಾಳುವಾದ ದೇವರು ಅನುಗ್ರಹಿಸಲಿ. ಆಮೆನ್.